ಮಲೆನಾಡಿನ ಮನೆಯ ಬಟ್ಟೆ ಕಪಾಟು: ಬೂಷ್ಟು, ಉಬ್ಬು, ಹುಳುವಿನ ಮೂಲ ಪತ್ತೆ ಮಾಡುವ ಕೈಪಿಡಿ

ಮಳೆಗಾಲದಲ್ಲಿ ಬಟ್ಟೆ ಕಪಾಟಿಗೆ ಬರುವ ತೊಂದರೆಗಳು ಹತ್ತಾರು. ಬೂಷ್ಟು, ಮುಗ್ಗಲು ವಾಸನೆ, ಉಬ್ಬಿದ ಹಲಗೆ, ಮುಚ್ಚಲು ಬಾರದ ಬಾಗಿಲು, ತುಕ್ಕು, ಗೆದ್ದಲು. ಇವುಗಳ ಹಿಂದೆ ಇರುವುದು ಹೆಚ್ಚಾಗಿ ಒಂದೇ, ನೀರು. ಆ ನೀರು ಯಾವ ದಾರಿಯಲ್ಲಿ ಬರುತ್ತಿದೆ ಎಂದು ನೋಡದೆ ಸುಮ್ನೆ ಹೊಸ ಪ್ಲೈವುಡ್ ಹಾಕಿಸಿದರೆ ದುಡ್ಡು ಹೋಗುತ್ತದೆ, ಬೂಷ್ಟು ಹೋಗುವುದಿಲ್ಲ. ಹಾಗಾಗಿ ಇಲ್ಲಿ ಮೊದಲು ಪತ್ತೆ, ಆಮೇಲೆ ರಿಪೇರಿ, ಕೊನೆಗೆ ಹೊಸದನ್ನು ಆರಿಸುವ ಮಾತು.

ಊರು ಯಾವುದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಅಲ್ಲಿಂದ ಸುಮಾರು 90 ಕಿ.ಮೀ. ದೂರದ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಶಿವಮೊಗ್ಗದ ವಿನೋಬನಗರ ಬಡಾವಣೆಯ ಮನೆಯಲ್ಲಿ ವರ್ಷಗಟ್ಟಲೆ ಚೆನ್ನಾಗಿರುವ ಕಪಾಟನ್ನು ಹಾಗೇ ಅಳತೆ ತೆಗೆದು ಹೊಸನಗರದಲ್ಲೋ ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲೋ ಮಾಡಿಸಿದರೆ ಅದು ಅಷ್ಟೇ ಬಾಳುತ್ತದೆ ಎನ್ನಲು ಬರುವುದಿಲ್ಲ. ಪೇಟೆಯ ಅಂಗಡಿಯಲ್ಲಿ ಮಾದರಿ ಮೆಚ್ಚಿ ಮುಂಗಡ ಕೊಡುವ ಮುಂಚೆ ಇದನ್ನು ಯೋಚಿಸಿ.

ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ, ಬಟ್ಟೆ ಮೇಲೆ ಬೂಷ್ಟು

ಮೊದಲು ಕಪಾಟನ್ನು ಪೂರ್ತಿ ಖಾಲಿ ಮಾಡಿ. ಅರ್ಧ ಖಾಲಿ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಟಾರ್ಚ್ ಹಿಡಿದು ಹಿಂದಿನ ಹಲಗೆ, ಮೂಲೆ, ಕೆಳಗಿನ ತಟ್ಟು ನೋಡಿ. ಕಲೆ ಎಲ್ಲಿದೆ, ಯಾವ ಆಕಾರದಲ್ಲಿದೆ ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಕಲೆ ಕೆಳಗಿನಿಂದ ಮೇಲಕ್ಕೆ ಏರಿದ್ದರೆ, ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಕಂಡರೆ, ಬಣ್ಣ ಹಪ್ಪಳಿಕೆ ಎದ್ದಿದ್ದರೆ ನೀರು ನೆಲದಿಂದ ಗೋಡೆಗೆ ಏರುತ್ತಿದೆ ಎಂದು ಅರ್ಥ. ಜಂಬಿಟ್ಟಿಗೆ ಗೋಡೆ ಮತ್ತು ಹಳೇ ಮಣ್ಣಿನ ಗೋಡೆಗಳಲ್ಲಿ ಇದು ಜಾಸ್ತಿ. ಜಂಬಿಟ್ಟಿಗೆಯ ಮೈ ತುಂಬಾ ರಂಧ್ರ, ನೀರು ಎಳೆದುಕೊಳ್ಳುತ್ತದೆ. ಹಳೇ ಮನೆಗಳ ಪಾಯದ ಮೇಲೆ ತೇವ ತಡೆಯುವ ಪದರ ಹಾಕುತ್ತಿರಲಿಲ್ಲ.

ಕಲೆ ಮೇಲಿನ ಮೂಲೆಯಿಂದ ಇಳಿದಿದ್ದರೆ ಚಾವಣಿ, ಹೆಂಚು, ಪ್ಯಾರಪೆಟ್ ಅಥವಾ ಸಜ್ಜದ ಸಂದು ನೋಡಬೇಕು. ಜೋರು ಮಳೆ ಬಂದ ಮರುದಿನ ಕಲೆ ದೊಡ್ಡದಾಗುತ್ತದೆ, ಬಿಸಿಲು ಬಿದ್ದರೆ ಅಂಚಿನಲ್ಲಿ ಕಂದು ಗೆರೆ ಉಳಿಯುತ್ತದೆ.

ಕಲೆ ಒಂದೇ ಕಡೆ ದುಂಡಗೆ ಅಥವಾ ಪಟ್ಟಿಯಾಗಿ ಇದ್ದು ಮಾರ್ಚಿನಲ್ಲೂ ಹಸಿಯಾಗಿದ್ದರೆ ಅದು ಮಳೆಯ ಕೆಲಸ ಅಲ್ಲ. ಗೋಡೆಯ ಆಚೆ ಬದಿಗೆ ಬಚ್ಚಲು ಇದೆಯಾ ನೋಡಿ. ಈಗಿನ ಮನೆಗಳಲ್ಲಿ ಮಲಗುವ ಕೋಣೆಗೆ ಅಂಟಿಕೊಂಡೇ ಬಚ್ಚಲು ಇರುತ್ತದೆ, ಕಪಾಟನ್ನು ಸರಿಯಾಗಿ ಆ ಗೋಡೆಗೇ ಕೂರಿಸಿರುತ್ತಾರೆ. ನಾಲ್ಕೈದು ದಿನ ಆ ಬಚ್ಚಲು ಬಳಸದೆ, ಅದಕ್ಕೆ ಹೋಗುವ ಕೊಳಾಯಿಯ ವಾಲ್ವ್ ಮುಚ್ಚಿಟ್ಟು ನೋಡಿ. ಕಲೆ ಒಣಗುತ್ತಾ ಬಂದರೆ ಪೈಪ್ ಅಥವಾ ಟೈಲ್ಸ್ ಸಂದು ಸೋರುತ್ತಿದೆ. ಪ್ಲಂಬರ್ ಬಂದು ಹೋಗುವ ತನಕ ಬಡಗಿಯನ್ನು ಕರೆಯಬೇಡಿ.

ನಾಲ್ಕನೆಯದು ಎಲ್ಲಕ್ಕಿಂತ ಜಾಸ್ತಿ ಕಾಣುವಂಥದ್ದು, ಎಲ್ಲಕ್ಕಿಂತ ಕಡಿಮೆ ಜನ ಗುರುತಿಸುವಂಥದ್ದು. ಹಿಂದಿನ ಹಲಗೆಯ ತುಂಬಾ ತೆಳ್ಳಗೆ ಕರಿ ಚುಕ್ಕೆ ಅಥವಾ ಬೂದಿ ಬಣ್ಣದ ಪುಡಿ. ಗೋಡೆ ಎಲ್ಲೂ ಸೋರುತ್ತಿಲ್ಲ. ಕಪಾಟು ಇರುವುದು ಹೊರಗೋಡೆಗೆ, ಅದರಲ್ಲೂ ಪಡುವಣ ದಿಕ್ಕಿಗೆ. ಇಲ್ಲಿ ನೀರು ಗಾಳಿಯಲ್ಲೇ ಇದೆ. ಕೋಣೆಯ ಗಾಳಿ 25 ಡಿಗ್ರಿ ಇದ್ದು ಅದರ ತೇವಾಂಶ ಶೇ 90 ಇದ್ದರೆ, ಸುಮಾರು 23 ಡಿಗ್ರಿಗೆ ತಣಿದ ಯಾವುದೇ ವಸ್ತುವಿನ ಮೇಲೂ ಇಬ್ಬನಿ ಕೂರುತ್ತದೆ. ಎರಡೇ ಡಿಗ್ರಿ ವ್ಯತ್ಯಾಸ. ನೈಋತ್ಯದ ಮಳೆ ದಿನವಿಡೀ ಹೊಡೆಯುವ ಪಡುವಣ ಗೋಡೆ ಅಷ್ಟು ತಣ್ಣಗಾಗುವುದು ದೊಡ್ಡ ವಿಷಯವೇ ಅಲ್ಲ. ಕಪಾಟನ್ನು ಗೋಡೆಗೆ ಒತ್ತಿ ಇಟ್ಟರೆ ಹಿಂದೆ ಗಾಳಿ ಆಡುವುದಿಲ್ಲ, ಕೂತ ತೇವ ಆರುವುದಿಲ್ಲ. ಇಬ್ಬನಿ ಕೂರದಿದ್ದರೂ ಬೂಷ್ಟು ಬರಬಹುದು. ತೇವಾಂಶ ಶೇ 75–80 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಹತ್ತಿ ಬಟ್ಟೆ, ಚರ್ಮದ ಬೆಲ್ಟು, ಕಾಗದ ಎಲ್ಲದರ ಮೇಲೂ ಬೂಷ್ಟು ಬೆಳೆಯುತ್ತದೆ.

ಗೋಡೆಯ ನೀರೋ ಗಾಳಿಯ ನೀರೋ ಎಂದು ಅನುಮಾನ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದೂವರೆ ಅಡಿ ಚೌಕ ಕತ್ತರಿಸಿ. ಗೋಡೆ ಒರೆಸಿ, ನಾಲ್ಕೂ ಅಂಚಿಗೆ ಗಟ್ಟಿ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹೊರಮೈ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯಿಂದ ಬಂದ ನೀರು. ಕಿತ್ತು ನೋಡಿದಾಗ ಒಳಮೈ ಒದ್ದೆಯಾಗಿದ್ದರೆ ಗೋಡೆಯಿಂದ ಬಂದದ್ದು. ಎರಡೂ ಕಡೆ ಒದ್ದೆ ಇದ್ದರೆ ಮೊದಲು ಗೋಡೆಯದ್ದನ್ನು ಸರಿ ಮಾಡಿ. ಇದನ್ನು ಜುಲೈನಲ್ಲಿ, ಪುನರ್ವಸು, ಪುಷ್ಯ ಮಳೆ ಹಿಡಿದಿರುವಾಗಲೇ ಮಾಡಬೇಕು. ಏಪ್ರಿಲ್‌ನಲ್ಲಿ ಮಾಡಿದರೆ ಸೋರುವ ಪೈಪ್ ಬಿಟ್ಟು ಬೇರೇನೂ ಸಿಕ್ಕುವುದಿಲ್ಲ.

ಮೂಲ ಗೊತ್ತಾದ ಮೇಲೆ ದಾರಿ ಬೇರೆ ಬೇರೆ. ಸೋರಿಕೆ ಇದ್ದರೆ ಸೋರುವಲ್ಲೇ ನಿಲ್ಲಿಸಬೇಕು. ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿದರೆ ಒಂದು ವರ್ಷ ಚೆಂದ ಕಾಣುತ್ತದೆ, ಆಮೇಲೆ ಬಣ್ಣದ ಸಮೇತ ಗಾರೆ ಕಳಚಿ ಬರುತ್ತದೆ. ನೆಲದಿಂದ ಏರುವ ತೇವವನ್ನು ಹಳೇ ಮನೆಯಲ್ಲಿ ಪೂರ್ತಿ ನಿಲ್ಲಿಸುವುದು ಕಷ್ಟ. ಆದರೆ ಮನೆಯ ಸುತ್ತ ಚರಂಡಿ ತೆಗೆದು, ಹೆಂಚಿನ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ಸೂರಿನಂಚಿಗೆ ನೀರು ಹರಿಯುವ ದೋಣಿ ಕಟ್ಟಿಸಿದರೆ ತುಂಬಾ ಕಡಿಮೆಯಾಗುತ್ತದೆ. ಅಂಥ ಗೋಡೆಗೆ ಕಪಾಟು ಅಂಟಿಸಲೇಬೇಡಿ.

ಗಾಳಿಯ ತೇವಕ್ಕೆ ಮದ್ದು ಜಾಗ ಬದಲಿಸುವುದು. ಒಳಗೋಡೆಗೆ, ಇಲ್ಲದಿದ್ದರೆ ಮೂಡಣ ಗೋಡೆಗೆ ಸರಿಸಿ. ಗೋಡೆಯಿಂದ ಎರಡು ಮೂರು ಇಂಚು ಮುಂದಕ್ಕೆ ಎಳೆದು ಇಡಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸುವುದನ್ನು ನಿಲ್ಲಿಸಿ. ಒಂದು ಬಕೆಟ್ ಬಟ್ಟೆ ಆರುವಾಗ ಲೀಟರ್‌ಗಟ್ಟಲೆ ನೀರು ಅದೇ ಕೋಣೆಯ ಗಾಳಿಗೆ ಸೇರುತ್ತದೆ, ರಾತ್ರಿ ಅದು ಕಪಾಟಿನ ಹಿಂದೆ ಹೋಗಿ ಕೂರುತ್ತದೆ. ಬಚ್ಚಲ ಒಲೆ ಇರುವ ಮನೆಗಳಲ್ಲಿ ಹಂಡೆಯ ಮೇಲ್ಗಡೆ ಹಗ್ಗ ಕಟ್ಟುವ ರೂಢಿ ಇದೆಯಲ್ಲ, ಅದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಬಟ್ಟೆಗೆ ಸ್ವಲ್ಪ ಹೊಗೆ ವಾಸನೆ ಬಂದರೂ ಅದು ಪೂರ್ತಿ ಒಣಗುತ್ತದೆ.

ಕಿಟಕಿಯ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಗಾಳಿ ಬರಲಿ ಎಂದು ಧಾರಾಕಾರ ಮಳೆಯಲ್ಲೂ ಕಿಟಕಿ ತೆರೆದಿಡುತ್ತಾರೆ. ಹೊರಗಿನ ಗಾಳಿ ಆಗ ಒಳಗಿನಷ್ಟೇ ಅಥವಾ ಅದಕ್ಕಿಂತ ಒದ್ದೆ. ಮಳೆ ಬಿಟ್ಟು ಬೆಳಕು ಬಂದಾಗ ಕಿಟಕಿಯನ್ನೂ ಕಪಾಟಿನ ಬಾಗಿಲನ್ನೂ ಒಟ್ಟಿಗೆ ತೆರೆಯಿರಿ. ಮಳೆ ಹಿಡಿದಿರುವಾಗ ಕಿಟಕಿ ಮುಚ್ಚಿ ಫ್ಯಾನ್ ಹಾಕಿ, ಕಪಾಟಿನ ಬಾಗಿಲು ತೆರೆದಿಡಿ. ಕೈಗೆಟಕುವುದಾದರೆ ತೇವ ತೆಗೆಯುವ ಯಂತ್ರ ಒಳ್ಳೆಯದೇ, ಆದರೆ ಅದು ಓಡುವಾಗ ಕಿಟಕಿ ಬಾಗಿಲು ಮುಚ್ಚಿರಬೇಕು. ಹೆಂಚಿನ ಸಂದಿಯಿಂದ ಗಾಳಿ ಆಡುವ ಮನೆಯಲ್ಲಿ ಅದು ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಡುತ್ತದೆ, ಕರೆಂಟ್ ಬಿಲ್ ಬಿಟ್ಟರೆ ಬೇರೇನೂ ಬರುವುದಿಲ್ಲ.

ಬೂಷ್ಟು ತೆಗೆಯುವಾಗ

ಒಣ ಬಟ್ಟೆಯಲ್ಲಿ ಕೋಣೆಯೊಳಗೇ ಕೊಡವಬೇಡಿ. ಪುಡಿ ಹಾರಿ ಹಾಸಿಗೆ, ಪರದೆ ಎಲ್ಲದರ ಮೇಲೂ ಕೂರುತ್ತದೆ. ಉಬ್ಬಸ ಇರುವವರಿಗೆ ಇದು ನಿಜವಾಗಿಯೂ ಕಷ್ಟ. ಮೂಗಿಗೆ ಮಾಸ್ಕ್ ಹಾಕಿ, ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಒರೆಸಿ, ಫ್ಯಾನ್ ಹಾಕಿ ಒಂದು ದಿನ ಪೂರ್ತಿ ಆರಲು ಬಿಡಿ. ಲ್ಯಾಮಿನೇಟ್ ಮೇಲೆ ಇಷ್ಟು ಸಾಕು. ಬಣ್ಣವಿಲ್ಲದ ಬರಿ ಮರದ ಮೇಲೆ ಬ್ಲೀಚ್ ಸುರಿದರೆ ಕಲೆ ಮಾತ್ರ ಬಿಳಿಯಾಗುತ್ತದೆ, ಬೇರು ಒಳಗೇ ಉಳಿಯುತ್ತದೆ. ಅಂಥಲ್ಲಿ ಉಪ್ಪುಕಾಗದ ಹಾಕಿ ಉಜ್ಜಿ, ಒಣಗಿಸಿ, ಪಾಲಿಶ್ ಅಥವಾ ವಾರ್ನಿಶ್ ಕೊಡಿಸಬೇಕು. ಉಜ್ಜುವ ಕೆಲಸ ಅಂಗಳದಲ್ಲಿ, ಬೇಸಿಗೆಯಲ್ಲಿ.

ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿ ಎಂದು ಹೇಳುವುದು ಸುಲಭ, ಆದರೆ ಆಷಾಢದಲ್ಲಿ ಬಿಸಿಲು ಎಲ್ಲಿದೆ? ಇಸ್ತ್ರಿ ಪೆಟ್ಟಿಗೆಯೇ ಗತಿ. ಮುಟ್ಟಿದರೆ ಒಣಗಿದ ಹಾಗಿರುವ ಹತ್ತಿ ಬಟ್ಟೆಯಲ್ಲೂ ತೇವ ಉಳಿದಿರುತ್ತದೆ. ಇಸ್ತ್ರಿ ಮಾಡಿ, ತಣ್ಣಗಾಗಲು ಬಿಟ್ಟು, ಆಮೇಲೆ ಮಡಚಿಡಿ. ಬಿಸಿ ಬಿಸಿಯಾಗಿ ಮಡಚಿ ಒತ್ತರಿಸಿದರೆ ಆವಿ ಮಡಿಕೆಯೊಳಗೇ ಉಳಿಯುತ್ತದೆ.

ನುಸಿಗುಳಿಗೆ ಬೂಷ್ಟನ್ನು ತಡೆಯುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಹುಳುವಿಗೆ ಮಾತ್ರ. ಎಳೆ ಮಗುವಿನ ಬಟ್ಟೆ ಇರುವ ಕಡೆ ನುಸಿಗುಳಿಗೆ ಇಡಲೇಬಾರದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ, ಅಂಥವರಲ್ಲಿ ನುಸಿಗುಳಿಗೆಯ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆಯುತ್ತದೆ. ಹುಳುವಿನ ಭಯಕ್ಕೆ ಒಣಗಿಸಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿಡಿ. ಹಸಿ ಎಲೆ ಇಟ್ಟರೆ ಅದೇ ಬೂಷ್ಟಿಗೆ ದಾರಿ.

ಹಲಗೆ ಉಬ್ಬಿದೆ, ಬಾಗಿಲು ಮುಚ್ಚುತ್ತಿಲ್ಲ

ಬಾಗಿಲು ಹಿಡಿಯುವುದಕ್ಕೆ ಮೂರು ಕಾರಣ. ಮರ ಹಿಗ್ಗಿದೆ, ಹಿಂಜಸ್ ಸಡಿಲವಾಗಿದೆ, ಅಥವಾ ಕಪಾಟೇ ವಾಲಿದೆ.

ಗಟ್ಟಿ ಮರದ ಬಾಗಿಲು ಮಳೆಗಾಲದಲ್ಲಿ ಹಿಗ್ಗುವುದು ಸಹಜ. ಜುಲೈನಲ್ಲಿ ಹಿಡಿಯುತ್ತದೆ ಎಂದು ಆಚಾರ್ರನ್ನು, ಅಂದರೆ ಬಡಗಿಯನ್ನು, ಕರೆಸಿ ಹತ್ತರಿ ಹೊಡೆಸಿದರೆ ಫೆಬ್ರವರಿಯಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಅಂಚಿಗೆ ಮೇಣ ಉಜ್ಜಿ ಮಳೆಗಾಲ ದಾಟಿಸಿ. ಬೇಸಿಗೆಯಲ್ಲಿ ಬಾಗಿಲಿನ ಮೇಲಂಚು ಮತ್ತು ಕೆಳಂಚು ನೋಡಿ. ಕಣ್ಣಿಗೆ ಕಾಣದ ಜಾಗ ಎಂದು ಅಲ್ಲಿ ಪಾಲಿಶ್ ಬಿಟ್ಟಿರುತ್ತಾರೆ, ನೀರು ಹೀರುವುದು ಅಲ್ಲೇ. ಅದನ್ನು ಮುಚ್ಚಿಸಿ.

ಹಿಂಜಸ್ ವಿಷಯ ಸುಲಭ. ಒಳಗೆ ಬಟ್ಟಲಿನ ಹಾಗೆ ಕೂರುವ ಆಟೋ ಹಿಂಜಸ್‌ನಲ್ಲಿ ಬಾಗಿಲನ್ನು ಪಕ್ಕಕ್ಕೆ, ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸುವ ಸ್ಕ್ರೂಗಳಿರುತ್ತವೆ. ಸ್ಕ್ರೂಡ್ರೈವರ್ ಇದ್ದರೆ ನೀವೇ ಮಾಡಬಹುದು. ಸ್ಕ್ರೂ ಸುಮ್ನೆ ತಿರುಗುತ್ತಿದ್ದರೆ ಹಿಡಿಯುವ ಮರವೇ ಪುಡಿಯಾಗಿದೆ. ತೂತಿಗೆ ಗಟ್ಟಿ ಮರದ ಬೆಣೆ ಫೆವಿಕಾಲ್ ಹಚ್ಚಿ ಹೊಡೆದು, ಒಣಗಿದ ಮೇಲೆ ಹೊಸದಾಗಿ ಸ್ಕ್ರೂ ಹಾಕಿ.

ಕಪಾಟು ವಾಲಿದ್ದರೆ ಕೆಳಗಿನ ಒಂದು ಕಡೆ ಹಲಗೆ ಉಬ್ಬಿ ಎತ್ತಿರುತ್ತದೆ ಅಥವಾ ಕರಗಿ ಕುಸಿದಿರುತ್ತದೆ. ಇಲ್ಲಿ ಪಾರ್ಟಿಕಲ್ ಬೋರ್ಡ್ ಬಗ್ಗೆ ಖಡಾಖಂಡಿತವಾಗಿ ಒಂದು ಮಾತು ಹೇಳಬೇಕು. ಅದು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನ ಅಳತೆಗೆ ಬರುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ. ಅದನ್ನು ರಿಪೇರಿ ಮಾಡಿಸಲು ದುಡ್ಡು ಹಾಕಬೇಡಿ. ಕೆಳಗಿನ ತಟ್ಟು ಮಾತ್ರ ಹೋಗಿದ್ದರೆ ಆ ಒಂದನ್ನು ಪ್ಲೈವುಡ್‌ಗೆ ಬದಲಿಸಿ, ಸ್ಟೀಲ್ ಅಥವಾ ಪಿವಿಸಿ ಕಾಲಿನ ಮೇಲೆ ನಾಲ್ಕು ಇಂಚು ಎತ್ತಿ ಕೂರಿಸಿ. ನೆಲ ಒರೆಸುವ ನೀರೇ ಎಷ್ಟೋ ಕಪಾಟುಗಳ ಬುಡ ತಿಂದಿದೆ. ಮಳೆ ನೀರನ್ನು ಬೈದು ಪ್ರಯೋಜನ ಇಲ್ಲ.

ತಟ್ಟಿನ ಮೇಲೆ ಪುಡಿ ಬೀಳುತ್ತಿದೆ

ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಮೈದಾ ಹಿಟ್ಟಿನಷ್ಟು ನುಣುಪಾಗಿದ್ದು, ಮರದಲ್ಲಿ ಒಂದೆರಡು ಮಿ.ಮೀ.ನ ದುಂಡು ತೂತು ಕಂಡರೆ ಕುಟ್ಟೆ ಹುಳು. ಗಸಗಸೆಯಂಥ ಕಾಳು ಕಾಳು ಬಿದ್ದಿದ್ದರೆ ಒಣ ಮರದ ಗೆದ್ದಲು. ಪುಡಿಯೇ ಇಲ್ಲದೆ ಗೋಡೆ ಮೇಲೆ ಮಣ್ಣಿನ ಸುರಂಗ ಏರಿದ್ದರೆ, ತಟ್ಟಿದಾಗ ಹಲಗೆ ಟೊಳ್ಳು ಸದ್ದು ಮಾಡಿದರೆ ನೆಲದ ಗೆದ್ದಲು.

ಕುಟ್ಟೆ ಹುಳು ಮರದ ಬಿಳಿ ಭಾಗವನ್ನು ತಿನ್ನುತ್ತದೆ, ನಡುವಿನ ಗಟ್ಟಿ ಭಾಗವಾದ ಚೇಗನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಾಗಾಗಿ ತೇಗವೇ ಆದರೂ ಅಂಚಿನಲ್ಲಿ ಬಿಳಿ ಪಟ್ಟಿ ಬಿಟ್ಟ ಹಲಗೆ ಹಾಳಾಗುತ್ತದೆ. ಮರ ಕೊಳ್ಳುವಾಗ ಹೆಸರಿಗಿಂತ ಚೇಗು ಎಷ್ಟಿದೆ ಎಂದು ನೋಡಿ. ತೂತು ಕಡಿಮೆ ಇದ್ದರೆ ಮರದ ಹುಳುವಿನ ಔಷಧಿಯನ್ನು ಸಿರಿಂಜ್‌ನಲ್ಲಿ ಒಂದೊಂದು ತೂತಿಗೂ ಬಿಟ್ಟು, ಮೇಣದಿಂದ ಮುಚ್ಚಿ. ಸುತ್ತ ಕಾಗದ ಹಾಸಿ ಕೆಲವು ವಾರ ಗಮನಿಸಿ. ಹೊಸ ಪುಡಿ ಬಿದ್ದರೆ ಮತ್ತೊಮ್ಮೆ ಬಿಡಬೇಕು.

ನೆಲದ ಗೆದ್ದಲಿಗೆ ಸುರಂಗ ಕೆಡವಿದರೆ ಸಾಲದು, ಗೂಡು ನೆಲದೊಳಗೆ ಇರುತ್ತದೆ. ಗೋಡೆ ಮತ್ತು ನೆಲದ ಸಂದಿಗೆ ತೂತು ಕೊರೆದು ಔಷಧಿ ಬಿಡಿಸಬೇಕು. ಇದು ಗೊತ್ತಿರುವವರ ಕೆಲಸ, ಬಾವಿ ಹತ್ತಿರ ಇದ್ದರೆ ಮೊದಲೇ ಅವರಿಗೆ ಹೇಳಿ. ಕಾಡಂಚಿನ ಮನೆಗೆ ಗೆದ್ದಲು ಮತ್ತೆ ಬಂದೇ ಬರುತ್ತದೆ. ಆದ್ದರಿಂದಲೇ ಗೋಡೆಗೆ ಅಂಟದೆ ಕಾಲಿನ ಮೇಲೆ ನಿಂತ ಕಪಾಟು ವಾಸಿ. ಸುರಂಗ ಕಾಲಿನ ಮೇಲೆ ಏರಿದರೆ ಕಣ್ಣಿಗೆ ಬೀಳುತ್ತದೆ. ಗೋಡೆಗೆ ಕೂರಿಸಿದ ಕಪಾಟಿನಲ್ಲಿ ಸೀರೆ ತೂತಾದ ಮೇಲೆ ಗೊತ್ತಾಗುತ್ತದೆ.

ಕಬ್ಬಿಣದ ಬೀರು

ಹುಳು ತಿನ್ನುವುದಿಲ್ಲ, ಇದು ದೊಡ್ಡ ಲಾಭ. ಆದರೆ ತಗಡು ಬೇಗ ತಣ್ಣಗಾಗುತ್ತದೆ, ಒಳಗೆ ಬೆವರುತ್ತದೆ. ತುಕ್ಕು ಮೊದಲು ಕಾಣುವುದು ಕಾಲಿನ ಬಳಿ ಮತ್ತು ಕೆಳತಟ್ಟಿನ ಮಡಿಕೆಯಲ್ಲಿ. ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಕೊಡಿ, ಕಾಲಿಗೆ ರಬ್ಬರ್ ಬುಷ್ ಹಾಕಿ. ಬಟ್ಟೆ ಹಿಂದಿನ ತಗಡಿಗೆ ತಾಗದ ಹಾಗೆ ಒಂದೆರಡು ಇಂಚು ಬಿಡಿ. ಇಷ್ಟು ನೋಡಿಕೊಂಡರೆ ಮಲೆನಾಡಿನ ಮನೆಗೆ ಬೀರು ಈಗಲೂ ಒಳ್ಳೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಹಳೆಯದಾಗಿ ಕಾಣುತ್ತದೆ ಎಂದು ಮಾರಿಬಿಡಬೇಡಿ.

ಹೊಸದು ಮಾಡಿಸುವುದಾದರೆ

ಎಲ್ಲಕ್ಕಿಂತ ಮೊದಲು ಒಂದು ತೀರ್ಮಾನ. ಬಟ್ಟೆ ಇಡುವ ಜಾಗ ಪೂರ್ತಿ ಗಾಳಿ ಆಡುವ ಹಾಗಿರಬೇಕು, ಇಲ್ಲದಿದ್ದರೆ ಪೂರ್ತಿ ಬಿಗಿಯಾಗಿ ಮುಚ್ಚುವ ಹಾಗಿರಬೇಕು. ಎರಡರ ನಡುವೆ ಇರುವ ಕಪಾಟೇ ಕೆಡುವುದು. ಒದ್ದೆ ಗಾಳಿ ಸಂದಿಯಿಂದ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಸಿಗುವುದಿಲ್ಲ.

ದಿನಾ ತೊಡುವ ಬಟ್ಟೆಗೆ ಗಾಳಿ ಆಡುವ ಕಪಾಟು. ಬಾಗಿಲಿಗೆ ಪಟ್ಟಿ ಪಟ್ಟಿಯ ಜಾಲಿ ಅಥವಾ ಬೆತ್ತದ ಹೆಣಿಗೆ, ತಟ್ಟುಗಳು ಹಿಂದಿನ ಹಲಗೆಗೆ ತಾಗದೆ ಒಂದು ಇಂಚು ಮುಂದೆ. ರೇಷ್ಮೆ ಸೀರೆ, ಶಾಲು, ಉಣ್ಣೆಗೆ ಬಿಗಿ ಮುಚ್ಚಳದ ಪೆಟ್ಟಿಗೆ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ ಕಾಳು ಕೊಳ್ಳಿ, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಪೆಟ್ಟಿಗೆಗೆ ಹಾಕುವ ದಿನ ಬಟ್ಟೆ ಪೂರ್ತಿ ಒಣಗಿರಬೇಕು, ಆದ್ದರಿಂದ ಈ ಕೆಲಸ ಮಾರ್ಚ್–ಏಪ್ರಿಲ್‌ನಲ್ಲೇ ಮುಗಿಸಿ. ಜರಿ ಸೀರೆಯನ್ನು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಜರಿಗೆ ನುಸಿಗುಳಿಗೆ ತಾಗಬಾರದು, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿಗಳೂ ಬಿಗಿ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅದರಲ್ಲಿ ತುಂಬುವ ನೀರು ಉಪ್ಪಿನ ದ್ರಾವಣ, ಚೆಲ್ಲಿದರೆ ಬಟ್ಟೆ ಹಾಳು.

ಪ್ಲೈವುಡ್ ಆರಿಸುವಾಗ ಹಲಗೆಯ ಮೇಲಿನ ಐಎಸ್‌ಐ ಮುದ್ರೆಯ ಹತ್ತಿರ ಇರುವ ಸಂಖ್ಯೆ ಓದಿ. ಐಎಸ್ 303 ಎಂದರೆ ಸಾಮಾನ್ಯ ಬಳಕೆಯದು, ಐಎಸ್ 710 ಎಂದರೆ ಮರೈನ್. ಮರೈನ್ ಪ್ಲೈ ತುಂಡನ್ನು 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಡಬಾರದು ಎನ್ನುವುದು ಆ ಮಾನದಂಡದ ಪರೀಕ್ಷೆ. ನಿಮ್ಮ ಹಲಗೆಯಿಂದಲೇ ಕತ್ತರಿಸಿದ ಎರಡಿಂಚು ತುಂಡನ್ನು ಒಂದಿಡೀ ದಿನ ಬಚ್ಚಲ ಹಂಡೆಯಲ್ಲಿ ಕುದಿಯಲು ಬಿಡಿ. ಮಾದರಿ ತುಂಡು ಒಂದು, ಮನೆಗೆ ಬರುವ ಹಲಗೆ ಇನ್ನೊಂದು ಆಗುವುದುಂಟು. ಇಡೀ ಕಪಾಟಿಗೆ ಮರೈನ್ ಹಾಕಿಸುವಷ್ಟು ದುಡ್ಡಿಲ್ಲದಿದ್ದರೆ ಕೆಳತಟ್ಟು, ಪಕ್ಕದ ಹಲಗೆ, ಹಿಂದಿನ ಹಲಗೆಗೆ ಮಾತ್ರ ಹಾಕಿಸಿ. ಹಿಂದಿನ ಹಲಗೆಯಲ್ಲೇ ಎಲ್ಲರೂ ಉಳಿತಾಯ ಮಾಡುತ್ತಾರೆ, ಮೊದಲು ಹೋಗುವುದೂ ಅದೇ.

ಲ್ಯಾಮಿನೇಟ್ ಎರಡೂ ಮೈಗೆ ಇರಬೇಕು. ಒಂದೇ ಕಡೆ ಅಂಟಿಸಿದರೆ ಇನ್ನೊಂದು ಕಡೆ ತೇವ ಹೀರಿ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಕತ್ತರಿಸಿದ ಅಂಚು ಒಂದೂ ಬರಿದಾಗಿರಬಾರದು, ಪೈಪ್ ಅಥವಾ ವೈರ್‌ಗೆ ಕೊರೆದ ತೂತಿನ ಒಳ ಅಂಚು ಕೂಡ. ಕಪಾಟು ತಂದ ದಿನವೇ ಕೈ ಆಡಿಸಿ ನೋಡಿ.

ಸ್ಲೈಡಿಂಗ್ ಬಾಗಿಲು ನೋಡಲು ಚೆಂದ, ಕೋಣೆಯಲ್ಲಿ ಜಾಗವೂ ಉಳಿಯುತ್ತದೆ. ಆದರೆ ಒಂದು ಸಲಕ್ಕೆ ಅರ್ಧ ಕಪಾಟು ಮಾತ್ರ ತೆರೆಯುತ್ತದೆ, ಕೆಳಗಿನ ಹಳಿಯಲ್ಲಿ ಕಸ ತುಂಬುತ್ತದೆ. ಮಳೆ ಬಿಟ್ಟ ಗಳಿಗೆಯಲ್ಲಿ ಪೂರ್ತಿ ತೆರೆದು ಗಾಳಿಗೆ ಬಿಡಬೇಕಾದ ಊರಿನಲ್ಲಿ ನನಗೆ ಇದು ಹಿಡಿಸುವುದಿಲ್ಲ. ಚಾವಣಿಗೆ ತಾಗುವ ಎತ್ತರದ ಕಪಾಟೂ ಹಾಗೇ. ಏಣಿ ಇಲ್ಲದೆ ಕೈ ಎಟುಕದ ಗೂಡಿನಲ್ಲಿ ಇಟ್ಟದ್ದನ್ನು ವರ್ಷಗಟ್ಟಲೆ ಯಾರೂ ತೆಗೆಯುವುದಿಲ್ಲ, ಬೂಷ್ಟು ಶುರುವಾಗುವುದು ಅಲ್ಲಿಂದ. ಹಾಸಿಗೆಯನ್ನೇ ಎತ್ತಿ ಒಳಗೆ ಸಾಮಾನು ತುಂಬುವ ಮಂಚದ ಕಥೆಯೂ ಇಷ್ಟೇ. ಕಂಬಳಿ, ದಿಂಬು ತುಂಬಿ ಮುಚ್ಚಿದರೆ ಒಳಗೆ ಗಾಳಿಯೇ ಇಲ್ಲ. ಅಂಥ ಮಂಚ ಈಗಾಗಲೇ ಇದ್ದರೆ ತಳದ ಹಲಗೆಗೆ ಅಲ್ಲಲ್ಲಿ ಅರ್ಧ ಇಂಚಿನ ತೂತು ಕೊರೆಸಿ, ಮುಕ್ಕಾಲು ಭಾಗ ಮಾತ್ರ ತುಂಬಿ.

ಅಳತೆಯಲ್ಲಿ ಒಂದು ಎಚ್ಚರ. 18 ಎಂಎಂ ಹಲಗೆಯ ತಟ್ಟು ಮೂರು ಅಡಿಗಿಂತ ಉದ್ದ ಇದ್ದರೆ ಸೀರೆಯ ಭಾರಕ್ಕೆ ನಡುವೆ ಬಗ್ಗುತ್ತದೆ, ಪಾರ್ಟಿಕಲ್ ಬೋರ್ಡ್ ಆದರೆ ಎರಡು ಅಡಿಗೇ ಬಗ್ಗುತ್ತದೆ. ಮಧ್ಯೆ ಒಂದು ನಿಲುವು ಹಾಕಿಸಿ.

ಹೊಸ ಮನೆಯಾದರೆ ಗೃಹಪ್ರವೇಶದ ಹೊತ್ತಿಗೇ ಕಪಾಟು ಮುಗಿಯಬೇಕು ಎಂಬ ಅವಸರ ಬೇಡ. ಕಾಂಕ್ರೀಟು, ಗಾರೆಯಲ್ಲಿ ಕಟ್ಟುವಾಗ ಹಾಕಿದ ನೀರು ಆರಲು ತಿಂಗಳುಗಳು ಬೇಕು. ಒಂದು ಬೇಸಿಗೆ ದಾಟಲಿ, ಅಲ್ಲಿಯವರೆಗೆ ಬೀರು ಅಥವಾ ಬಟ್ಟೆ ತೂಗುವ ಸ್ಟ್ಯಾಂಡ್ ಸಾಕು. ಮರದ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮಾಡಿಸಿ. ಮುಂಗಾರು ಹಿಡಿದ ಮೇಲೆ ಅಂಟೂ ಸರಿಯಾಗಿ ಒಣಗುವುದಿಲ್ಲ, ಪಾಲಿಶ್ ಮೇಲೂ ಬಿಳಿ ಮಂಜು ಕಟ್ಟುತ್ತದೆ. ಮೇ ಕೊನೆಗೆ ಬಂದು ಮುಗಿಸಿಕೊಡುತ್ತೇನೆ ಎನ್ನುವ ಆಚಾರ್ರಿಗೆ ದೀಪಾವಳಿ ಕಳೆದ ಮೇಲೆ ಬನ್ನಿ ಎಂದು ಹೇಳಿ.